ನಲವತ್ತೊಂದನೇ ಚೀಲ

ಕಚೇರಿಯ ಮೂಲೆಯ ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು. ಅವಳು ಪುಡಿ ಹಾಕಲು ಡಬ್ಬಿ ತೆರೆದಿದ್ದಳಷ್ಟೆ, ಮೇಜಿನ ಮೇಲೆ ಮೆಕ್ಕೆಜೋಳದ ಪುಟ್ಟ ಚೀಲವೊಂದು ಬಂದು ಕೂತಿತು. ತಲೆ ಎತ್ತಿದರೆ ಮೈದುನ.

“ಅತ್ತಿಗೆ, ನಿಮ್ಮ ಕೈಗೇ ಕೊಡೋಣ ಅಂತ ಬಂದೆ. ಇನ್ನು ಎಲ್ಲಾ ನಿಮ್ಮ ಕೈಯಲ್ಲೇ.”

“ಇಟ್ಟು ಹೋಗಿ.”

ಒಂದು ಕಾಲದಲ್ಲಿ ‘ಏನೋ’ ಎಂದು ಕರೆಯುತ್ತಿದ್ದವನಿಗೆ ಈಗ ಬಹುವಚನ. ಬೈಗುಳಕ್ಕಿಂತ ಅದೇ ಚುರುಕು.

“ನಿಮ್ಮದೊಂದು ಸಹಿ ಬೇಕಿತ್ತು...”

“ಹಿಂದೆ ಸಾಲಲ್ಲಿ ಜನ ಇದ್ದಾರೆ.”

ಗಂಡ ತೀರಿಕೊಂಡ ಮರುತಿಂಗಳೇ ಅವಳ ಪಾಲಿನ ಹೊಲಕ್ಕೆ ನೇಗಿಲು ಹೂಡಿದ್ದ ಮಹಾನುಭಾವ. ಕಂಕುಳಲ್ಲಿ ಎರಡು ವರ್ಷದ ಮಗಳು, ಕೈಯಲ್ಲೊಂದು ಟ್ರಂಕು, ಹಾಗೆ ಹೊರಬಿದ್ದವಳು ಈ ಕೃಷಿ ಕಚೇರಿಯ ಕಸ ಗುಡಿಸುತ್ತಲೇ ಬೀಜದ ಮೊಳಕೆ ಪರೀಕ್ಷೆ ಕಲಿತಿದ್ದಳು. ಆರು ವರ್ಷವಾಯಿತು. ಈಗ ಹೆಂಡತಿ ಸತ್ತು ಅವನೂ ಸೊರಗಿದ್ದ. ಸೊರಗಲಿ. ಸಹಿಯಂತೆ! ಬಾಯೊಳಗಿನ ತುತ್ತೂ ಬೇಕೇನೋ.

ಬಿತ್ತನೆಗೆ ಮುಂಚಿನ ವಾರ. ಕಚೇರಿಯಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ. ಪಕ್ಷಪಾತ ಆಗಬಾರದೆಂದು ಚೀಲದ ಮೇಲೆ ಬರೀ ಸಂಖ್ಯೆ. ಬೆಳೆಗಾರರ ಹೆಸರು ಮುಚ್ಚಿದ ಲಕೋಟೆಯಲ್ಲಿ, ಅಧಿಕಾರಿಯ ಬೀರುವಿನಲ್ಲಿ. ಏಳು ದಿನದಲ್ಲಿ ನೂರಕ್ಕೆ ತೊಂಬತ್ತು ಕಾಳು ಮೊಳೆತರೆ ಇಡೀ ಬೆಳೆ ಬಿತ್ತನೆ ಬೀಜ. ಇಲ್ಲದಿದ್ದರೆ ಕೋಳಿ ಮೇವು. ಮರುಪರೀಕ್ಷೆ ಇಲ್ಲ.

ಚೀಲದ ಮೇಲೆ ನಲವತ್ತೊಂದು ಎಂದು ಬರೆದಳು. ನೂರು ಕಾಳು ಎಣಿಸಿ ಬಟ್ಟಲಿಗೆ ಹಾಕಿದಳು. ಕುದಿಯುತ್ತಿದ್ದ ಚಹಾದ ನೀರನ್ನು ಅದರ ಮೇಲೆ ಸುರಿದಳು. ತಣಿದ ಮೇಲೆ, ಕೂಸನ್ನು ಮಲಗಿಸುವಷ್ಟು ಮೆತ್ತಗೆ, ಒದ್ದೆ ಕಾಗದದಲ್ಲಿ ಸುತ್ತಿಟ್ಟಳು.

ಸಂಜೆ ಶಾಲೆಯಿಂದ ಬಂದ ಮಗಳು ಸೆರಗು ಜಗ್ಗಿದಳು. “ಅಮ್ಮಾ, ಚಿಕ್ಕಪ್ಪ ಗೇಟ್ ಹತ್ರ ಸಿಕ್ಕಿದ್ರು. ಒಂದು ಕೇಳ್ಲಾ?”

“ಅವರ ಸುದ್ದಿ ಎತ್ತಿದ್ರೆ ನೋಡು!”

ಬುಧವಾರ ಹುಡುಗಿ ಮತ್ತೆ ಬಾಯಿ ತೆರೆದಳು. ಅಮ್ಮನ ಮುಖ ನೋಡಿ ಮುಚ್ಚಿಕೊಂಡಳು.

ಮುಂದಿನ ಸೋಮವಾರ ಸುರುಳಿಗಳನ್ನು ಬಿಚ್ಚಿದರು. ಒಂದೊಂದರಲ್ಲೂ ಬೆಳ್ಳಗೆ ಬೇರು. ನಲವತ್ತೊಂದರಲ್ಲಿ ಹುಳಿ ನಾತ. ಅವಳು ದುಂಡಗೆ ಒಂದು ಸೊನ್ನೆ ಬರೆದಳು. ಅಷ್ಟು ಚೆಂದದ ಸೊನ್ನೆಯನ್ನು ಜನ್ಮದಲ್ಲಿ ಬರೆದಿರಲಿಲ್ಲ.

ಅಧಿಕಾರಿ ಪಟ್ಟಿಗೆ ಮೊಹರು ಒತ್ತಿ, ಲಕೋಟೆಗಳ ಕಟ್ಟು ಬಿಚ್ಚಿದರು. ಶಾಲೆಗೆ ಹೊರಟಿದ್ದ ಹುಡುಗಿಯನ್ನು ಕರೆದರು. “ಪುಟ್ಟಿ, ಹೆಸರು ಓದಿಕೊಡಮ್ಮ. ನನ್ನ ಕನ್ನಡಕ ಮತ್ತೆ ಪರಾರಿ.”

ಹುಡುಗಿ ಓದುತ್ತಾ ಬಂದಳು. “ನಲವತ್ತೊಂದು...” ಎಂದವಳು ನಿಂತುಬಿಟ್ಟಳು.

“ಗಟ್ಟಿಯಾಗಿ ಓದೇ,” ಎಂದಳು ಅಮ್ಮ. “ಬೆಳೆಗಾರರು ಯಾರು ಅಂತ ನಾಲ್ಕು ಜನ ಕೇಳಲಿ.”

ಮಗಳು ಚೀಟಿಯಿಂದ ತಲೆ ಎತ್ತಿದಳು. “ಅಮ್ಮಾ, ಇಲ್ಲಿ ನಿನ್ನ ಹೆಸರಿದೆ. ಹಾಗಾದ್ರೆ ಚಿಕ್ಕಪ್ಪ ನಮ್ಮ ಹೊಲ ನಮಗೇ ವಾಪಸ್ ಕೊಟ್ಟಿದ್ದು ನಿಜಾನಾ?”