ಮೊದಲ ಹೆಸರು

ಆರನೇ ನಂಬರಿನ ತಟ್ಟೆಯಲ್ಲಿ ಕಪ್ಪು ಚುಕ್ಕೆಗಳು ಎದ್ದಿದ್ದವು. ಉಳಿದ ಹತ್ತೂ ತಟ್ಟೆಗಳು ಸ್ವಚ್ಛ. ಪ್ರೊಫೆಸರ್ ಕನ್ನಡಕವನ್ನು ಹಣೆಗೇರಿಸಿ ರೋಗಾಣು ಬೆಳೆಸುವ ಆ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದರು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ. ಅನುಮಾನವೇ ಇರಲಿಲ್ಲ.

“ಸಿಕ್ಕಿಬಿದ್ದಳು,” ಎಂದರು.

ಪಕ್ಕದಲ್ಲಿದ್ದ ಸಹಸಂಶೋಧಕಿ ಏನೂ ಹೇಳಲಿಲ್ಲ. ಹನ್ನೆರಡು ವರ್ಷಗಳಿಂದ ಅವರ ಲೇಖನಗಳಲ್ಲಿ ಎರಡನೇ ಹೆಸರಾಗಿದ್ದ ಆಕೆಗೆ ಏನೂ ಹೇಳದಿರುವುದು ಚೆನ್ನಾಗಿ ರೂಢಿಯಾಗಿತ್ತು.

ಪ್ರೊಫೆಸರ್ ಹೇಳಿದ್ದು ಸಂಶೋಧನಾಲಯದ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರ ಬಗ್ಗೆ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಮೂರು ವರ್ಷಗಳಲ್ಲಿ ಏಳು ಸಲ ವಿಭಾಗದ ಅರ್ಧಕ್ಕರ್ಧ ಜನ ಒಟ್ಟಿಗೇ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಆಹಾರದಿಂದ ಹರಡುವ ರೋಗಾಣುಗಳನ್ನು ಅಧ್ಯಯನ ಮಾಡುವವರೇ ಹೀಗೆ ಮಲಗಿದರೆ ಊರು ನಗದೆ ಬಿಡುತ್ತದೆಯೇ? ನಿರ್ದೇಶಕರು ತನಿಖೆಯನ್ನು ಪ್ರೊಫೆಸರಿಗೆ ಒಪ್ಪಿಸಿದರು. ಕಳೆದ ಸಲ ವಿಭಾಗದ ಹಿರಿಯರಲ್ಲಿ ಮಲಗದೆ ಉಳಿದಿದ್ದವರು ಅವರೊಬ್ಬರೇ.

ಪ್ರೊಫೆಸರಿಗೂ ಇದು ಬೇಕಾಗಿತ್ತು. ನಿವೃತ್ತಿಗೆ ಇನ್ನು ಹತ್ತೇ ತಿಂಗಳು. ಯಾರ ಲೇಖನವನ್ನು ಯಾರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸುವ ಗ್ರಂಥಪಾಲಕಿ ಹಿಂದಿನ ವಾರವಷ್ಟೇ ಅವರ ಎಣಿಕೆಯನ್ನು ಮುಂದಿಟ್ಟಿದ್ದರು. ತೊಂಬತ್ತನಾಲ್ಕು ಲೇಖನಗಳು. ಎಲ್ಲದರಲ್ಲೂ ಮೊದಲ ಹೆಸರು ಅವರದೇ. ಪ್ರತಿಯೊಂದು ಅಚ್ಚಾದಾಗಲೂ ಅವರೇ ಹಣ್ಣು ಹೆಚ್ಚಿ ಇಡೀ ವಿಭಾಗಕ್ಕೆ ಹಂಚಿದ್ದರು. ಒಟ್ಟು ಉಲ್ಲೇಖ ಇನ್ನೂರ ಆರು.

“ಪರವಾಗಿಲ್ಲವಲ್ಲ,” ಎಂದಿದ್ದರು ಪ್ರೊಫೆಸರ್.

“ಅದರಲ್ಲಿ ನೂರ ಎಂಬತ್ತೊಂದು ನಿಮ್ಮನ್ನ ನೀವೇ ಉಲ್ಲೇಖಿಸಿರೋದು, ಸರ್.”

ಉಳಿದ ಇಪ್ಪತ್ತೈದರಲ್ಲಿ ಹತ್ತು, ಅವರು ಹೇಳಿದ್ದು ತಪ್ಪು ಎನ್ನಲಿಕ್ಕೆ. ಸಂಜೆ ಇದನ್ನು ಹೆಂಡತಿಗೆ ಹೇಳಿ, ತನ್ನ ಬೆನ್ನು ತಾನೇ ತಟ್ಟಿಕೊಂಡು ಭುಜ ಉಳುಕಿಸಿಕೊಂಡ ವಿಜ್ಞಾನಿ ನಾನೊಬ್ಬನೇ ಇರಬೇಕು ಎಂದು ನಕ್ಕಿದ್ದರು. ಆಕೆಗೆ ನಗಲು ತ್ರಾಣವಿರಲಿಲ್ಲ. ಭಾನುವಾರದಿಂದ ಹೊಟ್ಟೆ ಸರಿಯಿಲ್ಲ, ಮುಂದಿನ ಭಾನುವಾರದ ಅಡುಗೆ ನಾನೇ ಮಾಡುತ್ತೇನೆ, ನೀವು ಆರಾಮಾಗಿ ಕೂತಿರಿ ಎಂದರು.

ಒಂದಾದರೂ ಒಳ್ಳೆಯ ಲೇಖನ ಬರೆದು ಹೋಗಬೇಕೆಂಬ ಹಟದಲ್ಲಿ ಪ್ರೊಫೆಸರ್ ತನಿಖೆಯನ್ನು ಕಟ್ಟುನಿಟ್ಟಾಗಿ ಮಾಡಿದರು. ಕ್ಯಾಂಟೀನಿನ ಹತ್ತು ಜನರ ಮಲದ ಮಾದರಿ, ಹೋಲಿಕೆಗೆ ಒಬ್ಬ ಆರೋಗ್ಯವಂತನದೊಂದು. ಡಬ್ಬಿಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಯಾವುದು ಯಾರದೆಂಬ ಚೀಟಿ ಗ್ರಂಥಪಾಲಕಿಯ ಬೀರುವಿನಲ್ಲಿ. ಪಕ್ಷಪಾತದ ಮಾತು ಬರಬಾರದು ನೋಡಿ.

ಅಕ್ಕ ಮಾತ್ರ ಎರಡು ದಿನ ಸತಾಯಿಸಿದ್ದರು. “ಕೊಡ್ತೀನಿ ಸರ್. ಆದ್ರೆ ಎಲ್ಲರದೂ ತಗೊಳ್ಳಿ,” ಎಂದಿದ್ದರು. ಪ್ರೊಫೆಸರಿಗೆ ಅನುಮಾನ ಪಡಲು ಅಷ್ಟೇ ಸಾಕಾಗಿತ್ತು.

ಚೀಟಿ ತೆರೆಯುವ ಮೊದಲೇ ಅವರು, ತನಗೆ ಕಾಯಿಲೆಯಿಲ್ಲದೆ ಊರಿಗೆಲ್ಲ ರೋಗ ಹಂಚುವವಳ ಬಗ್ಗೆ, ‘ಅಡುಗೆಮನೆಯ ಮೌನ ವಾಹಕಿ’ ಎಂಬ ಲೇಖನದ ಕರಡು ಮುಗಿಸಿದರು. ಅಕ್ಕನನ್ನು ಕೆಲಸದಿಂದ ತೆಗೆಯುವ ಪತ್ರವನ್ನೂ ನಿರ್ದೇಶಕರ ಸಹಿಗೆ ಸಿದ್ಧಮಾಡಿಟ್ಟರು.

ಮರುದಿನ ಹನ್ನೊಂದಕ್ಕೆ ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಕ್ಕ ಕೂರಲಿಲ್ಲ, ಬಾಗಿಲ ಬಳಿ ಚೀಲ ಅವುಚಿಕೊಂಡು ನಿಂತರು. ಗ್ರಂಥಪಾಲಕಿ ಚೀಟಿ ಬಿಡಿಸಿ ಒಂದರಿಂದ ಐದರವರೆಗೆ ಓದಿ ನಿಲ್ಲಿಸಿಬಿಟ್ಟರು. ಚೀಟಿಯನ್ನು ನಿರ್ದೇಶಕರ ಕಡೆ ಸರಿಸಿದರು.

ನಿರ್ದೇಶಕರು ಎರಡು ಸಲ ಓದಿಕೊಂಡರು. “ಆರನೇದು ಕ್ಯಾಂಟೀನಿನವರದ್ದಲ್ಲ. ಹೋಲಿಕೆಗೆ ಅಂತ ಕೊಟ್ಟದ್ದು.”

“ಅದು ನಂದು,” ಎಂದರು ಪ್ರೊಫೆಸರ್. ಹೇಳಿದ ಮೇಲೆ ಅರ್ಥವಾಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವರಿಗೆ. ಗೋಡೆಯ ಮೇಲೆ ಕೈ ತೊಳೆಯುವ ಏಳು ಹಂತಗಳ ಚಿತ್ರಪಟವಿತ್ತು. ಅದನ್ನು ಬರೆದವರೂ ಅವರೇ. ಮೂರನೇ ಹಂತ ದಾಟಿದ ನೆನಪು ಅವರಿಗಿರಲಿಲ್ಲ.

ಅಕ್ಕ ಚೀಲದಿಂದ ಕ್ಯಾಂಟೀನಿನ ಹಳೆಯ ಕ್ಯಾಲೆಂಡರುಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಅನ್ನ ಮಿಕ್ಕ ದಿನಗಳಿಗೆಲ್ಲ ಸುತ್ತು ಹಾಕಿದ್ದರು.

“ನೀವು ಹಣ್ಣು ಹಂಚಿದ ಎರಡು ದಿನಕ್ಕೆ ನನ್ನ ಅನ್ನ ಮಿಗುತ್ತೆ, ಸರ್. ಮೂರು ವರ್ಷದಿಂದ ಗುರುತು ಹಾಕ್ತಿದ್ದೀನಿ. ನಾನು ಹೇಳಿದ್ರೆ ಯಾರು ಕೇಳ್ತಾರೆ ಅಂತ ಸುಮ್ಮನಿದ್ದೆ.”

ಪ್ರೊಫೆಸರ್ ತಾವು ಸಿದ್ಧಪಡಿಸಿದ್ದ ಪತ್ರವನ್ನು ತಾವೇ ಹರಿದರು. ಎದ್ದು ಹೋಗಿ, “ತಪ್ಪಾಯ್ತು ಅಕ್ಕ,” ಎಂದರು. ಅದೊಂದು ವಾಕ್ಯಕ್ಕೆ ಯಾವ ಉಲ್ಲೇಖವೂ ಬೇಕಾಗಲಿಲ್ಲ.

ರೋಗಾಣು ಅವರ ಪಿತ್ತಕೋಶದಲ್ಲಿ ಬಿಡಾರ ಹೂಡಿತ್ತು. ಅದನ್ನೇ ತೆಗೆಸಬೇಕಾಯಿತು. ಹೆಂಡತಿಯ ಹೊಟ್ಟೆ ಆ ತಿಂಗಳೇ ಸರಿಹೋಯಿತು. ಆಸ್ಪತ್ರೆಯ ಮಂಚದಿಂದಲೇ ಅವರು ಲೇಖನದ ಮಾತೆತ್ತಿದರು. ಸಹಸಂಶೋಧಕಿ ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಎದುರಾಡಿದರು. “ರೋಗಿ ಯಾರು ಅಂತ ಹೊರಗೆ ಗೊತ್ತಾಗಬಾರದು, ಸರ್. ನಿಮ್ಮ ಹೆಸರು ಹಾಕೋಕಾಗಲ್ಲ. ನಾನೇ ಬರೀತೀನಿ.”

ಎರಡು ವರ್ಷದ ಮೇಲೆ ಗ್ರಂಥಪಾಲಕಿ ಫೋನ್ ಮಾಡಿದರು. ಸಂಶೋಧನಾಲಯದ ಇತಿಹಾಸದಲ್ಲೇ ಬೇರೆ ಯಾವ ಲೇಖನಕ್ಕೂ ಸಹಸಂಶೋಧಕಿ ಬರೆದ ಆ ಲೇಖನದಷ್ಟು ಉಲ್ಲೇಖ ಸಿಕ್ಕಿರಲಿಲ್ಲವಂತೆ. ಮುನ್ನೂರ ಹನ್ನೆರಡು, ಸ್ವಂತದ್ದು ಒಂದೂ ಇಲ್ಲ. ಪ್ರೊಫೆಸರ್ ಆತುರಾತುರವಾಗಿ ಲೇಖನವನ್ನು ತರಿಸಿಕೊಂಡರು. ಎರಡನೇ ಪುಟದಲ್ಲಿ ತಮಗೆ ತಾವೇ ಸಿಕ್ಕರು: ‘ವಾಹಕ: ಪುರುಷ, ಐವತ್ತೊಂಬತ್ತು ವರ್ಷ, ಉನ್ನತ ಶಿಕ್ಷಣ ಪಡೆದವರು, ಕೈ ತೊಳೆಯುವ ಅಭ್ಯಾಸ ತೃಪ್ತಿಕರವಲ್ಲ.’ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊದಲ ಹೆಸರು ಕೊನೆಗೂ ಸಹಸಂಶೋಧಕಿಗೆ ಸಿಕ್ಕಿತಲ್ಲ ಎಂದುಕೊಳ್ಳುತ್ತ ಹಿಂದಿನ ಪುಟಕ್ಕೆ ಬಂದರು.

ಆಕೆಯ ಹೆಸರು ಇಲ್ಲೂ ಎರಡನೆಯದೇ, ಮೊದಲನೆಯದು ಅಕ್ಕನದು.