ಜ್ವರ ಬಾರದವಳು

ಕಟ್ಟಡ ಕೆಲಸದವರ ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ ಸೊಳ್ಳೆಪರದೆ. ಮೇಲಿಂದ ಮೇಲೆ ಮಲೇರಿಯಾ ಬಂದು ಮಲಗುತ್ತಿದ್ದ ಕಿರಿಯ ಸೊಸೆ ನಿಂಬೆವ್ವನಿಗೆ ಅದನ್ನು ಕಟ್ಟಿ, ಅವಳ ಕೂಸನ್ನು ಅತ್ತೆ ಹಿರಿಯ ಸೊಸೆಯ ಮಗ್ಗುಲಿಗೆ ಹಾಕಿದಳು.

"ಜ್ವರದಾಕಿ ಹತ್ರ ಕೂಸು ಬ್ಯಾಡ. ಈಕಿ ಮೈ ಕಬ್ಬಿಣ ಐತಿ, ಪರದಿನೂ ಬೇಕಾಗಿಲ್ಲ."

ಹಿರಿಯಳು ಈ ಕಡಲೂರಿಗೆ ಬಂದು ವರ್ಷಗಳೇ ಆಗಿದ್ದವು. ಮೊದಮೊದಲು ಅವಳೂ ಜ್ವರದಲ್ಲಿ ನಡುಗಿದ್ದಳಂತೆ. ಈಗ ಒಂದು ಸೀನೂ ಇಲ್ಲ. ತನ್ನ ಕೂಸು ಅವಳ ಸೆರಗು ಹಿಡಿದು ನಿದ್ದೆಹೋಗುವುದನ್ನು ಪರದೆಯೊಳಗಿಂದ ನೋಡಿ ನೋಡಿ ನಿಂಬೆವ್ವ ಕುದಿದಳು. ಒಮ್ಮೆಯಾದರೂ ಆ ಮೈಗೂ ಮಲೇರಿಯಾ ಹತ್ತಲಿ ಎಂದು ದಿನವೂ ಬೇಡಿಕೊಂಡಳು.

ಶೆಡ್ಡಿನವರೆಲ್ಲರ ರಕ್ತಪರೀಕ್ಷೆಯಾಯಿತು. ಜ್ವರ ಇಳಿದಿದ್ದ ನಿಂಬೆವ್ವನೇ ಫಲಿತಾಂಶ ಕೇಳಲು ಹೋದಳು.

"ನಿಮ್ಮ ಅಕ್ಕನ ರಕ್ತದಲ್ಲೂ ಮಲೇರಿಯಾ ಉಂಟು," ಎಂದರು ಡಾಕ್ಟರು.

"ಆಕಿಗೆ ಜ್ವರನ ಇಲ್ಲಲ್ರಿ!"

"ಜ್ವರ ಬರಿಸುವುದು ರೋಗಾಣು ಅಲ್ಲಮ್ಮ. ಅದನ್ನು ಕಂಡು ನಮ್ಮ ಬಿಳಿ ರಕ್ತಕಣಗಳು ಒಂದಕ್ಕೊಂದು ಹಾಕುವ ಕೂಗೇ ಜ್ವರ ಬರಿಸುವುದು. ವರ್ಷಗಟ್ಟಲೆ ಮತ್ತೆ ಮತ್ತೆ ಮಲೇರಿಯಾ ಬಂದವರಲ್ಲಿ ಆ ಕೂಗು ತಗ್ಗುತ್ತದೆ, ರೋಗಾಣು ಮಾತ್ರ ಒಳಗೇ ಇರ್ತದೆ. ಅವರನ್ನು ಕಚ್ಚಿದ ಸೊಳ್ಳೆ ಪಕ್ಕದವರಿಗೂ ಕೊಡ್ತದೆ."

ಕೊನೆಯ ಮಾತು ನಿಂಬೆವ್ವನ ಕಿವಿಗೆ ಬೀಳಲೇ ಇಲ್ಲ. ಆ ಕಬ್ಬಿಣಕ್ಕೂ ತುಕ್ಕು ಹಿಡಿದಿದೆ! ಅತ್ತೆಯ ಎದುರೇ ಹೇಳಬೇಕೆಂದು ಓಡೋಡಿ ಬಂದಳು.

ಹಿರಿಯಳು ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಬಂದ್ಯಾ ತಂಗಿ? ಕೂಸಿನ ಮೈ ಕೆಂಡದಂಗ ಸುಡಾಕತ್ತೈತಿ, ಗಡಗಡ ನಡಗಾಕತ್ತೈತಿ."