ಮೂರನೆಯ ತೆಂಗಿನಮರ

"ಇದು ನಕಲಿ ಅಕ್ಕಾ," ಎಂದ ಹಳೇ ನೋಟುಗಳ ಅಂಗಡಿಯವನು. ಭೂತಗನ್ನಡಿಯನ್ನೂ ಎತ್ತದೆ ನೋಟನ್ನು ಗಾಜಿನ ಮೇಜಿನ ಮೇಲೆ ಅವಳತ್ತ ತಳ್ಳಿದ.

ಅಸಲಿಯೆಂದು ಅವನಿಗೆ ನೋಡಿದೊಡನೆ ಗೊತ್ತಾಗಿತ್ತು. ಕೆರಿಬಿಯನ್ ದ್ವೀಪವೊಂದರ ಹಳೇ ಡಾಲರ್ ನೋಟು. ಮಾಸದ ನೀಲಿ, ಮೀಸೆಯ ರಾಜ, ಕಡಲದಂಡೆಯಲ್ಲಿ ಎರಡು ತೆಂಗಿನಮರ. ಅವನ ಸಂಗ್ರಹದಲ್ಲಿ ಆ ಒಂದು ಜಾಗ ಹಲ್ಲುದುರಿದ ಬಾಯಿಯಂತೆ ಖಾಲಿ ಬಿದ್ದಿತ್ತು. ಬರುವ ತಿಂಗಳು ಪ್ರದರ್ಶನ. ಅಲ್ಲಿ ಇಂಥದೇ ನೋಟನ್ನಿಟ್ಟು ಮೆರೆಯಲು ಎದುರಾಳಿ ಸಂಗ್ರಾಹಕರಾದ ಹಲ್ಲಿನ ಡಾಕ್ಟರು ತಯಾರಾಗಿದ್ದರು.

"ನಮ್ಮವರು ಹಡಗಲ್ಲಿ ಅಡುಗೆ ಮಾಡ್ತಿದ್ರು, ಅಲ್ಲಿಂದಲೇ ತಂದಿದ್ದು," ಎಂದಳು ಹೆಂಗಸು. "ಇದನ್ನ ಮಾರಿ ಮಗಳಿಗೊಂದು ಹೊಲಿಗೆ ಅಂಗಡಿ ಹಾಕಿಕೊಡೋಣ ಅಂತ..."

"ಅಸಲಿ ನೋಟಲ್ಲಿ ಮೂರು ಮರ ಇರುತ್ತೆ. ಇದರಲ್ಲಿ ಎರಡೇ. ಬೇಕಿದ್ರೆ ಚಹಾದ ಕಾಸು ಕೊಡ್ತೀನಿ, ನನ್ನ ಮೊಮ್ಮಗ ಆಟಕ್ಕಿಟ್ಟುಕೊಳ್ಳಲಿ." ಸುಳ್ಳು ಬೆಣ್ಣೆಯಿಂದ ಕೂದಲೆಳೆದಂತೆ ಸಲೀಸಾಗಿ ಬಂತು.

"ಮೂರಿದ್ರೆ?"

"ಮೂರಿದ್ರೆ ಕೇಳಿದಷ್ಟು!" ಇಲ್ಲದ ಮರಕ್ಕೆ ಬೆಲೆ ಕಟ್ಟಲು ಜಿಪುಣನಿಗೇನು ಕಷ್ಟ?

ಅವಳು ನೋಟನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಹೋಗಲಿ, ನಾಲ್ಕು ಬೀದಿ ಅಲೆದು ಸೋತ ಮೇಲೆ ಚಹಾದ ಕಾಸಿಗೇ ಬರುತ್ತಾಳೆ ಎಂದುಕೊಂಡ. ಇಲ್ಲದವರ ಅವಸರವೇ ಅವನ ಬಂಡವಾಳ.

ವಾರ ಕಳೆಯುವ ಮೊದಲೇ ಬಂದಳು. "ನೀವು ಹೇಳಿದ ಹಾಗೇ ಆಯ್ತು ಅಣ್ಣಾ. ಮೂರಿವೆ, ಎಣಿಸಿಕೊಳ್ಳಿ."

ಅವನು ಭೂತಗನ್ನಡಿ ಹಿಡಿದ. ಒಂದು. ಎರಡು. ಮೂರು! ಕಾಗದ ಅಸಲಿ. ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕೂ ಅಸಲಿ. ತಾನೇ ಹೇಳಿದ ಸುಳ್ಳು ನಿಜವಾಗಿ ಮೇಜಿನ ಮೇಲೆ ಮಲಗಿತ್ತು. ಇದು ಬೇರೆಯೇ ನೋಟು, ಅಚ್ಚಿನ ಮನೆಯವರ ತಪ್ಪೇ ಇರಬೇಕು! ಜಗತ್ತಿಗೆಲ್ಲ ಇದೊಂದೇ! ಅವಳ ಬೆರಳ ತುದಿ ನೀಲಿಯಾಗಿತ್ತು. ಬಟ್ಟೆಗೆ ನೀಲಿ ಹಾಕಿದ ಕೈ ಎಂದುಕೊಂಡ. ಆಸೆ ಕಣ್ಣಿಗೆ ಕಟ್ಟಿದ ಪಟ್ಟಿಗೆ ಯಾವ ಭೂತಗನ್ನಡಿ ಮದ್ದು?

ಅವಳು ಕೇಳಿದಳು. ಅವನು ಚೌಕಾಸಿಯಿಲ್ಲದೆ ಕೊಟ್ಟ, ಜನ್ಮದಲ್ಲಿ ಮೊದಲ ಸಲ.

ಅವಳು ಹೋದದ್ದೇ ತಡ, ಪ್ರದರ್ಶನಕ್ಕೆ ವಿವರಣೆ ಬರೆಯಲು ಕೂತ: 'ಮಡಿಕೆ ಒಂದು. ಕಲೆಯಿಲ್ಲ. ಅಂಚು ಅಖಂಡ. ಮೂರನೆಯ ಮರವಿರುವ ಏಕೈಕ ಪ್ರತಿ.' ಮರುದಿನ ಡಾಕ್ಟರಿಗೆ ಫೋನಿನಲ್ಲೇ ಓದಿ ಹೇಳಿ ಹೊಟ್ಟೆ ಉರಿಸಿದ.

"ಪಕ್ಕದಲ್ಲಿ ಎರಡು ಮರದ್ದೂ ಇಡಬೇಕಲ್ರೀ," ಎಂದರು ಡಾಕ್ಟರು ಹಲ್ಲು ಕಡಿದು. "ಇಲ್ಲದಿದ್ರೆ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತೆ?"

ಹೌದಲ್ಲ! ಕೂಡಲೇ ಅವಳು ಕೊಟ್ಟುಹೋಗಿದ್ದ ನಂಬರಿಗೆ ಫೋನ್ ಹಚ್ಚಿ ದನಿಗೆ ಸಕ್ಕರೆ ಬೆರೆಸಿದ. "ಅಕ್ಕಾ, ಅವತ್ತು ತಂದಿದ್ರಲ್ಲ ಎರಡು ಮರದ ನಕಲಿ, ಅದನ್ನೂ ತಂದುಬಿಡಿ. ಪಾಪ, ಏನಾದ್ರೂ ಕೊಡ್ತೀನಿ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಯ್ಯೋ, ಅದೇ ಅಲ್ವಾ ಅಣ್ಣಾ ನಿಮ್ಮ ಹತ್ರ ಇರೋದು! ಒಂದು ಮರ ಕಮ್ಮಿ ಅಂದ್ರಲ್ಲ, ನೆಟ್ಟುಕೊಟ್ಟೆ."